ಕಪ್ಪು ನೂಲು ಹಾಕಿದ ಕ್ಯಾಮೆರಾ

ದೊಡ್ಡಬಳ್ಳಾಪುರದ ಹಳೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಸ್ಟುಡಿಯೋ ಇತ್ತು. ಈಗ ಅಲ್ಲಿ ಮೊಬೈಲ್ ಫೋನಿನ ಕವರುಗಳನ್ನು ಮಾರುತ್ತಾರೆ. ಅಂಗಡಿ ಬಿಟ್ಟುಕೊಟ್ಟಾಗ ಗಾಜಿನ ಬೀರುವೊಂದನ್ನು ಮಾತ್ರ ಮನೆಗೆ ತಂದುಕೊಂಡೆ. ನಾನು ದುಡಿದ ಕ್ಯಾಮೆರಾಗಳು ಅದರಲ್ಲಿವೆ. ಕೆಲವು ಇನ್ನೂ ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಯಾವುದು ಮಾಡುತ್ತದೆ, ಯಾವುದು ಇಲ್ಲ ಎಂದು ಗಾಜಿನ ಹೊರಗೆ ನಿಂತು ಯಾರೂ ಹೇಳಲಾರರು. ನಾನೂ ಹೇಳಲಾರೆ.

ಈಚೆಗೆ ವಯಸ್ಸಿನ ಮಕ್ಕಳು ಮನೆ ಹುಡುಕಿಕೊಂಡು ಬರುತ್ತಾರೆ. ದೇವನಹಳ್ಳಿ ಕಡೆಯ ಹೋಟೆಲುಗಳಲ್ಲಿ ಕೆಲಸಕ್ಕಿರುವವರು, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಹೋಗುವವರು, ಮದುವೆ ಫೋಟೊಗ್ರಫಿಗೆ ಇಳಿಯಬೇಕೆಂದಿರುವವರು. ಎಲ್ಲರೂ ಕೇಳುವುದು ಒಂದನ್ನೇ: "ಅಂಕಲ್, ಫಸ್ಟ್ ಟೈಮ್ ರೀಲ್ ಕ್ಯಾಮೆರಾ ತಗೋತಿದೀನಿ. ಯಾವ್ದು ತಗೊಳ್ಲಿ?" ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಯಾರನ್ನು ತೆಗೆಯುತ್ತೀರಿ, ಎಲ್ಲಿ, ಅಲ್ಲಿ ಬೆಳಕು ಎಷ್ಟು ಎಂದು ತಿರುಗಿ ಕೇಳುತ್ತೇನೆ. ಮುದುಕ ಜಾರಿಕೊಳ್ಳುತ್ತಿದ್ದಾನೆ ಎಂದು ಅವರಿಗೆ ಅನ್ನಿಸುತ್ತದೆ. ಮುಖದಲ್ಲಿ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ನೇಕಾರರೊಬ್ಬರ ಮನೆಯಲ್ಲಿ ನಡೆದದ್ದನ್ನು ನಾನು ನಿಂತು ನೋಡಿದೆ. ಅದು ಮನಸ್ಸಿನಿಂದ ಇಳಿಯುತ್ತಿಲ್ಲ. ಅಲ್ಲಿಗೆ ಬರುವ ಮುಂಚೆ ಕೆಲಸ ಕಲಿತ ದಿನಗಳ ಒಂದೆರಡು ಸಂಗತಿ ಹೇಳಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ನಾನು ಯಾವುದನ್ನು ನೋಡುತ್ತಿದ್ದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ನನಗೆ ಕೆಲಸ ಕಲಿಸಿದವರು ರಂಗಸ್ವಾಮಿ ಎಂಬ ಯಜಮಾನರು. ಸ್ಟುಡಿಯೋ ಆಗ ಅವರದು. ಬಿಳಿ ಪಂಚೆ, ಬಿಳಿ ಶರ್ಟು, ಬೆರಳ ತುದಿಗಳಲ್ಲಿ ಫೋಟೊ ತೊಳೆಯುವ ಔಷಧಿಯ ಕಂದು ಕಲೆ. ಅವರು ಬೈಯುವಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೇಳಿಸಿಕೊಳ್ಳಲು ನಾವು ಹತ್ತಿರ ಹೋಗಬೇಕಾಗುತ್ತಿತ್ತು. ಹತ್ತಿರ ಹೋದಷ್ಟೂ ಬೈಗುಳ ಚೆನ್ನಾಗಿ ಕೇಳುತ್ತಿತ್ತು.

ನನಗಿಂತ ಮುಂಚೆ ಅಲ್ಲಿದ್ದವನು ಮಲ್ಲೇಶ. ಒಳ್ಳೆಯ ಕೆಲಸಗಾರ, ಬಾಯಿ ಸ್ವಲ್ಪ ಜಾಸ್ತಿ. ಒಮ್ಮೆ ಸಾಸಲು ಎಂಬ ಹಳ್ಳಿಯಲ್ಲಿ ಮದುವೆ. ಮಲ್ಲೇಶ ಹೋಗಿ ಫೋಟೊ ತೆಗೆದು ಸಂಜೆ ಬಸ್ಸಿಗೆ ಬಂದ. ಬಂದವನೇ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿ, "ಯಜಮಾನ್ರೇ, ಇವತ್ತು ಮೂವತ್ತಾರು ಫೋಟೊದ ರೀಲಲ್ಲಿ ನಲವತ್ತೆರಡು ಬಂತು! ಧಾರೇದು ಒಂದೂ ಬಿಟ್ಟಿಲ್ಲ" ಎಂದ.

ಯಜಮಾನರು ಕೈಯಲ್ಲಿದ್ದ ಪ್ರಿಂಟನ್ನು ಮೇಜಿನ ಮೇಲಿಟ್ಟರು. ದನಿ ಇಳಿಯಿತು.

"ನಲವತ್ತೆರಡು ಬಂತಾ?"

"ಹೂಂ. ಲಕ್ಕು."

"ರೀಲು ಹಸು ಅಲ್ಲ ಕಣೋ, ಒಂದೊಂದು ದಿನ ಜಾಸ್ತಿ ಕೊಡೋಕೆ."

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಕತ್ತಲೆ ಕೋಣೆಗೆ ಹೋಗಿ ಕ್ಯಾಮೆರಾ ತೆರೆದಾಗ ತಿಳಿಯಿತು. ರೀಲಿನ ತುದಿ ಒಳಗಿನ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ಮಲ್ಲೇಶ ಬೆಳಗ್ಗಿನಿಂದ ರೀಲು ಮುಂದೆ ಸರಿಸುವ ಲಿವರ್ ಎಳೆದ, ಬಟನ್ ಒತ್ತಿದ, ಫೋಟೊ ಎಣಿಸುವ ಅಂಕಿ ಒಂದೊಂದಾಗಿ ಏರಿತು, ರೀಲು ಮಾತ್ರ ಇದ್ದಲ್ಲೇ ಇತ್ತು. ಮದುವೆ ಪೂರ್ತಿ ಗಾಳಿಗೆ ಹೋಗಿತ್ತು.

ಮಾರನೆಯ ದಿನ ಬೆಳಗ್ಗೆ ಯಜಮಾನರು ಮಲ್ಲೇಶನನ್ನೂ ನನ್ನನ್ನೂ ಕರೆದುಕೊಂಡು ಸಾಸಲಿಗೆ ಹೋದರು. ಹೆಣ್ಣಿನ ಮನೆಯ ಜಗಲಿಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಣ್ಣಿನ ಅಜ್ಜಿ ಮಲ್ಲೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಷ್ಟೊತ್ತು ನಮ್ಮುನ್ನ ಬಿಸಿಲಲ್ಲಿ ನಿಲ್ಸಿ ನಗ್ರಿ ನಗ್ರಿ ಅಂದ್ಯಲ್ಲಪ್ಪ, ಸುಮ್ಸುಮ್ನೆ ನಗಿಸ್ದಾ?" ಎಂದರು. ಗಂಡು ಹೆಣ್ಣನ್ನು ಮತ್ತೆ ಕೂರಿಸಿ ಧಾರೆ ಎರೆಯುವ ಹಾಗೆ ಮಾಡಿಸಿ ಎಂದು ಯಾರೋ ಹೇಳಿದರು. ಅಜ್ಜಿ ಒಪ್ಪಲಿಲ್ಲ. ಧಾರೆ ಆಟವಲ್ಲ, ಎರಡು ಸಲ ಎರೆಯುವುದಿಲ್ಲ ಎಂದರು. ಕೊನೆಗೆ ಧಾರೆಯ ಸೀರೆ ಉಡಿಸಿ, ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಧಾರೆಗೆ ಬಳಸಿದ ಚೊಂಬನ್ನು ಮಧ್ಯದಲ್ಲಿಟ್ಟು ಯಜಮಾನರು ಒಂದು ಫೋಟೊ ತೆಗೆದರು. ಆ ಮದುವೆಗೆ ಇದ್ದದ್ದು ಅದೊಂದೇ ಫೋಟೊ.

ಹೊಸದಾಗಿ ಕೊಳ್ಳುವವರಿಗೆ ಇದರಿಂದ ಒಂದು ಮಾತು. ರೀಲನ್ನು ಹಿಂದಕ್ಕೆ ಸುತ್ತುವ ಒಂದು ಗುಂಡಿ ಹಳೆಯ ಕ್ಯಾಮೆರಾಗಳ ಮೇಲ್ಗಡೆ ಎಡಭಾಗದಲ್ಲಿ ಇರುತ್ತದೆ. ಲಿವರ್ ಎಳೆದಾಗ ಆ ಗುಂಡಿಯೂ ತಿರುಗಿದರೆ ಒಳಗೆ ರೀಲು ಓಡುತ್ತಿದೆ ಎಂದು ಅರ್ಥ. ಅಂಕಿಯನ್ನು ನಂಬಬೇಡಿ, ಗುಂಡಿಯನ್ನು ನೋಡಿ. ಮೊದಲ ಕ್ಯಾಮೆರಾಕ್ಕೆ ಆ ಗುಂಡಿ ಕಣ್ಣಿಗೆ ಕಾಣುವಂತೆ ಇರಲಿ. ಎಲ್ಲವನ್ನೂ ಮೋಟಾರಿನಿಂದ ತಾನೇ ಮಾಡಿಕೊಳ್ಳುವ ಚಿಕ್ಕ ಕ್ಯಾಮೆರಾಗಳು ಹಗುರ, ಚೆಂದ. ಆದರೆ ಅವು ಕೆಟ್ಟಾಗ ಏನು ಕೆಟ್ಟಿತು ಎಂದು ನಿಮಗೆ ಹೇಳುವುದಿಲ್ಲ. ರಿಪೇರಿ ಮಾಡುವವರೂ ಈಗ ಕಡಿಮೆ.

ಇನ್ನೊಂದು ಸಂಗತಿ ಮಗ್ಗದ ಮನೆಗಳದ್ದು. ನಮ್ಮೂರಿನಲ್ಲಿ ಒಂದು ಕಾಲಕ್ಕೆ ಯಾವ ಬೀದಿಯಲ್ಲಿ ನಿಂತರೂ ಪವರ್‌ಲೂಮಿನ ಸದ್ದು. ನಮ್ಮ ಸ್ಟುಡಿಯೋ ಗೋಡೆಯ ಆಚೆಗೂ ಮಗ್ಗಗಳಿದ್ದವು. ನೇಕಾರರು ಫೋಟೊ ತೆಗೆಸಲು ಕರೆಯುತ್ತಿದ್ದರು. ಹೊಸ ಮಗ್ಗ ಹಾಕಿದಾಗ, ಆಯುಧಪೂಜೆಗೆ, ಕೆಲವೊಮ್ಮೆ ಬ್ಯಾಂಕಿಗೆ ಕೊಡಲು. ನಾನು ಮೊದಲ ಸಲ ಹೋದಾಗ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಒಳಗೆ ಬೆಳಕು ಕಡಿಮೆ, ಕೈ ಅಲುಗಬಾರದು ಎಂಬುದು ನನ್ನ ಲೆಕ್ಕ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು.

"ಸ್ಟ್ಯಾಂಡು ಎಲ್ಲಿ ನಿಂತೈತೆ?"

"ನೆಲದ ಮೇಲೆ, ಯಜಮಾನ್ರೇ."

"ನೆಲ ಏನ್ ಮಾಡ್ತಾ ಐತೆ?"

ಚಪ್ಪಲಿ ಬಿಟ್ಟು ಅಂಗಾಲು ಊರಿ ನೋಡಿದೆ. ನೆಲ ನಡುಗುತ್ತಿತ್ತು. ಮಗ್ಗ ಓಡುವಾಗ ಸ್ಟ್ಯಾಂಡು ಮಗ್ಗದ ಜೊತೆಗೇ ಕುಣಿಯುತ್ತದೆ. ಮನುಷ್ಯನಾದರೆ ಮಂಡಿ ಸ್ವಲ್ಪ ಬಗ್ಗಿಸಿ, ಮೊಣಕೈ ಎದೆಗೆ ಒತ್ತಿ, ಉಸಿರು ಹಿಡಿದು ನಿಂತರೆ ನಡುಕ ಮಂಡಿಯಲ್ಲೇ ನಿಂತುಹೋಗುತ್ತದೆ. ಅದನ್ನು ಅವರು ಬಗ್ಗಿ ತೋರಿಸಿಕೊಟ್ಟರು.

ಆದರೆ ಆ ವಿದ್ಯೆಯನ್ನು ಬಳಸುವ ಸಂದರ್ಭ ಬರುತ್ತಲೇ ಇರಲಿಲ್ಲ. ಏಕೆಂದರೆ ಫೋಟೊದವರು ಬಂದರು ಎಂದ ಕೂಡಲೇ ನೇಕಾರರು ಮಗ್ಗ ನಿಲ್ಲಿಸುತ್ತಿದ್ದರು. ಅದು ಬಂದವರಿಗೆ ಕೊಡುವ ಮರ್ಯಾದೆ. ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಲಾಳಿ ಹಾರಿ ಯಾರಿಗಾದರೂ ತಗುಲೀತು ಎಂಬ ಭಯವೂ ಇತ್ತು. ತಲೆ ಬಾಚಿಕೊಂಡು, ಶರ್ಟು ಹಾಕಿಕೊಂಡು, ನಿಂತ ಮಗ್ಗದ ಪಕ್ಕ ಕೈ ಇಳಿಬಿಟ್ಟು ನಿಲ್ಲುತ್ತಿದ್ದರು. ನಾನು ಈ ಊರಿನಲ್ಲಿ ಎಷ್ಟೋ ಮಗ್ಗಗಳ ಫೋಟೊ ತೆಗೆದಿದ್ದೇನೆ. ಓಡುತ್ತಿದ್ದ ಮಗ್ಗ ಒಂದೂ ಇಲ್ಲ. ಇದು ನನಗೆ ಹೊಳೆದದ್ದು ಈ ವರ್ಷ.

ಆಮೇಲೆ ಕೆಲಸದ ರೀತಿ ಬದಲಾಯಿತು. ಕಪ್ಪು ಬಿಳುಪು ಹೋಗಿ ಬಣ್ಣ ಬಂತು, ಕತ್ತಲೆ ಕೋಣೆಯಲ್ಲಿ ಸಾಮಾನು ತುಂಬಿತು. ಆಮೇಲೆ ಡಿಜಿಟಲ್ ಬಂತು. ಡಿಜಿಟಲ್ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಮಲ್ಲೇಶನಿಗೆ ಆದಂಥದ್ದು ಆಮೇಲೆ ಯಾರಿಗೂ ಆಗಲಿಲ್ಲ. ಈಗ ಹಳೆಯ ಕ್ಯಾಮೆರಾದ ಹಾಗೆಯೇ ಕಾಣುವ ಹೊಸ ಡಿಜಿಟಲ್‌ಗಳು ಬಂದಿವೆ, ಮೇಲೆ ತಿರುಗಿಸುವ ಚಕ್ರಗಳು, ಚರ್ಮದ ಹೊದಿಕೆ ಎಲ್ಲ ಇದೆ. ತೆಗೆದದ್ದು ಬಂತೋ ಇಲ್ಲವೋ ಎಂದು ಅಲ್ಲೇ ನೋಡಬೇಕು ಅನ್ನುವವರು ಸಂಕೋಚವಿಲ್ಲದೆ ಅದನ್ನು ಕೊಳ್ಳಿ. ಅದರಲ್ಲಿ ಮೋಸವೇನೂ ಇಲ್ಲ. ರೀಲು ಬೇಕು ಎನ್ನುವವರು ಒಂದನ್ನು ಮೊದಲೇ ಒಪ್ಪಿಕೊಂಡಿರಬೇಕು: ತೆಗೆದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಪೂರ್ಣಿಮಾ ಬಂದದ್ದು ಒಂದು ಭಾನುವಾರ. ನಾರಾಯಣಪ್ಪ ಎಂಬ ನೇಕಾರರ ಮಗಳು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅವಳ ನಾಮಕರಣದ ಫೋಟೊ ತೆಗೆದದ್ದು ನಾನೇ. ಚೀಲದಿಂದ ಒಂದು ಕ್ಯಾಮೆರಾ ತೆಗೆದು ಮೇಜಿನ ಮೇಲೆ ಇಟ್ಟಳು. ಬೆಳ್ಳಿ ಬಣ್ಣ, ಕರಿ ಹೊದಿಕೆ, ಒಂದು ಗೀರಿಲ್ಲ.

"ಆನ್‌ಲೈನಲ್ಲಿ ತಗೊಂಡೆ ಅಂಕಲ್. ಹೆಂಗೈತೆ?"

"ನೋಡೋಕೆ ಮದುವೆ ಗಂಡಿದ್ದಂಗೈತೆ."

"ಅಂದ್ರೆ ಚೆನ್ನಾಗೈತೆ ಅಂತಾನೋ ಇಲ್ಲ ಅಂತಾನೋ?"

"ಒಳಗೆ ನೋಡ್ದೆ ಹೇಳೋಕಾಗಲ್ಲ ಅಂತ."

ಅವಳು ನಕ್ಕಳು. ಆಮೇಲೆ ಬಂದ ಕಾರಣ ಹೇಳಿದಳು. ಅಪ್ಪ ಮಗ್ಗಗಳನ್ನು ತೆಗೆಯುತ್ತಿದ್ದಾರೆ. ಮಂಡಿ ನೋವು, ದಿನವೆಲ್ಲ ನಿಲ್ಲಲಾಗುವುದಿಲ್ಲ. ಕೆಲಸಕ್ಕೆ ಜನವೂ ಸಿಗುತ್ತಿಲ್ಲ. ಗುಜರಿಯವರು ಗುರುವಾರ ಬಂದು ಬಿಚ್ಚುತ್ತಾರೆ. ಬುಧವಾರ ಬೆಳಗ್ಗೆ ಮಗ್ಗದಲ್ಲಿರುವ ಸೀರೆ ಮುಗಿಯುತ್ತದೆ, ಅದೇ ಕೊನೆಯದು. ಅವಳಿಗೆ ಬುಧವಾರ ರಜೆ ಸಿಕ್ಕಿದೆ. "ಅಪ್ಪ ನೇಯ್ತಿರೋದು ಒಂದು ಫೋಟೊನೂ ಇಲ್ಲ ಅಂಕಲ್. ಮನೇಲಿರೋದೆಲ್ಲ ಸುಮ್ನೆ ನಿಂತಿರೋದು."

ಆ ಫೋಟೊಗಳೆಲ್ಲ ನಾನು ತೆಗೆದವು. ಅವಳು ಅದನ್ನು ತಪ್ಪಿನ ಹಾಗೆ ಹೇಳಲಿಲ್ಲ.

"ಫೋನಲ್ಲಿ ತೆಗಿಯಮ್ಮ. ಚೆನ್ನಾಗಿ ಬರುತ್ತೆ."

"ಫೋನಲ್ಲಿ ನೂರಾರು ಐತೆ. ಅಪ್ಪ ಒಂದನ್ನೂ ನೋಡಿಲ್ಲ. ತೋರ್ಸಿದ್ರೆ, ಹೂಂ ಅಂತಾರೆ, ಫೋನ್ ವಾಪಸ್ ಕೊಡ್ತಾರೆ. ನಿಮ್ಮ ಫೋಟೊಗಳನ್ನ ಮಾತ್ರ ಆವಾಗಾವಾಗ ಬೀರುವಿಂದ ತೆಗೆದು ಒರೆಸಿ ಇಡ್ತಾರೆ."

ಆಯಿತು ಎಂದು ಕ್ಯಾಮೆರಾ ನೋಡಿದೆ. ಯಾರು ಹಳೆಯ ಕ್ಯಾಮೆರಾ ತಂದರೂ ನಾನು ನೋಡುವ ಕ್ರಮ ಒಂದೇ. ಮೊದಲು ಸ್ಕ್ರೂಗಳ ತಲೆ. ಅವು ಕೆತ್ತಿಹೋಗಿದ್ದರೆ ಗೊತ್ತಿಲ್ಲದವರು ಯಾರೋ ಬಿಚ್ಚಿದ್ದಾರೆ. ಆಮೇಲೆ ಲೆನ್ಸನ್ನು ಕಿಟಕಿಗೆ ಹಿಡಿದು ಒಳಗೆ ಬೂಷ್ಟು ಕಟ್ಟಿದೆಯೋ ನೋಡುವುದು. ಜೇಡನ ಬಲೆಯಂತೆ ಕಾಣುತ್ತದೆ. ಆಮೇಲೆ ಬ್ಯಾಟರಿ ಇಲ್ಲದೆ ಬಟನ್ ಕೆಲಸ ಮಾಡುತ್ತದೋ ನೋಡುವುದು. ಕೊನೆಗೆ ಹಿಂಬಾಗಿಲು ತೆರೆದು, ಬಿಳಿ ಗೋಡೆಗೆ ಮುಖ ಮಾಡಿ, ಹಿಂದಿನಿಂದ ಕಣ್ಣಿಟ್ಟು ಬಟನ್ ಒತ್ತುವುದು. ಒಳಗಿನ ಪರದೆ ತೆರೆದು ಮುಚ್ಚುವಾಗ ಪೂರ್ತಿ ಚೌಕ ಬೆಳಗಬೇಕು.

ಸ್ಕ್ರೂ ಸರಿಯಿತ್ತು, ಲೆನ್ಸು ಸರಿಯಿತ್ತು. ಐನೂರರ ವೇಗಕ್ಕಿಟ್ಟು, ಅಂದರೆ ಒಂದು ಸೆಕೆಂಡಿನ ಐನೂರರಲ್ಲಿ ಒಂದು ಪಾಲಿಗೆ ಇಟ್ಟು, ಬಟನ್ ಒತ್ತಿದೆ. ಚೌಕದ ಒಂದು ಬದಿ ಬೆಳಗಲಿಲ್ಲ. ಅವಳಿಗೆ ಕೊಟ್ಟೆ. ಅವಳೂ ನೋಡಿದಳು. ಮತ್ತೆ ಒತ್ತಿದಳು.

"ಅರ್ಧ ಕಪ್ಪಾಗ್ತೈತೆ."

"ಪರದೆ ಸುಸ್ತಾಗೈತೆ. ಜೋರಾಗಿ ಓಡು ಅಂದ್ರೆ ಓಡಲ್ಲ. ಫೋಟೊ ಆ ಕಡೆ ಕಪ್ಪಾಗೇ ಬರುತ್ತೆ."

ಅವಳ ಮುಖ ಸಣ್ಣದಾಯಿತು. ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ನುಗ್ಗದಂತೆ ಇರುವ ಸ್ಪಂಜೂ ಅಂಟುಅಂಟಾಗಿ ಕರಗಿತ್ತು. ಬೆರಳು ಮುಟ್ಟಿದರೆ ಕರಿ ಮೆತ್ತಿಕೊಳ್ಳುತ್ತಿತ್ತು. ಬೀರುವಿನಿಂದ ನನ್ನದೊಂದು ಕರಿ ಕ್ಯಾಮೆರಾ ತೆಗೆದು ಮುಂದಿಟ್ಟೆ. ಮೂಲೆಗಳಲ್ಲಿ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತದೆ. ಎಲ್ಲ ವೇಗವೂ ಸರಿಯಿದೆ.

"ಇದನ್ನ ತಗೊಂಡೋಗು. ಆಮೇಲೆ ತಂದ್ಕೊಡು."

ಅವಳು ಅದನ್ನು ಎತ್ತಿ ಕಣ್ಣಿಗಿಟ್ಟಳು, ಇಳಿಸಿದಳು. ಮತ್ತೆ ತನ್ನದನ್ನು ಕೈಗೆತ್ತಿಕೊಂಡಳು. "ಭಾರ ಐತೆ ಅಂಕಲ್ ಇದು. ಇದರ ಗುಂಡಿಗಳು ಯಾವ್ದು ಎಲ್ಲೈತೆ ಅಂತ ಹುಡುಕೋ ಹೊತ್ಗೆ ಸೀರೆ ಮುಗಿದಿರುತ್ತೆ. ನನ್ನದು ಖಾಲಿ ಇಟ್ಕೊಂಡು ದಿನಾ ಕ್ಯಾಬಲ್ಲಿ ಹೋಗ್ತಾ ಬರ್ತಾ ಪ್ರಾಕ್ಟೀಸ್ ಮಾಡಿದೀನಿ. ಕಣ್ಮುಚ್ಚಿ ಫೋಕಸ್ ಮಾಡ್ತೀನಿ."

ಆ ಮಾತು ನಿಜವೋ ಎಂದು ನೋಡಿದೆ. ಕೈ ಸಲೀಸಾಗಿ ಓಡುತ್ತಿತ್ತು. ಆಗ ಅವಳ ಕ್ಯಾಮೆರಾವನ್ನು ಮತ್ತೆ ತೆಗೆದುಕೊಂಡು ವೇಗವನ್ನು ಒಂದೊಂದಾಗಿ ಇಳಿಸುತ್ತಾ ಗೋಡೆಗೆ ಹಿಡಿದೆ. ಅರವತ್ತಕ್ಕೆ ಬಂದಾಗ ಚೌಕ ಪೂರ್ತಿ ಬೆಳಗಿತು. ಮೂವತ್ತಕ್ಕೂ ಬೆಳಗಿತು. ವೇಗ ಹೆಚ್ಚಿದಷ್ಟೂ ರೀಲಿಗೆ ಬೀಳುವ ಬೆಳಕು ಕಡಿಮೆ, ಮಗ್ಗದ ಮನೆಯ ಮಂದ ಬೆಳಕು ನನಗೆ ಗೊತ್ತು. ಅಲ್ಲಿ ಅರವತ್ತಕ್ಕಿಂತ ಜೋರು ಇಡಲು ಆಗುವುದೇ ಇಲ್ಲ. ಬಯಲಿನಲ್ಲಿ ಕೆಟ್ಟ ಕ್ಯಾಮೆರಾ ಆ ಕೋಣೆಯೊಳಗೆ ಒಳ್ಳೆಯದೇ.

ಎಲ್ಲಿ ತೆಗೆಯುತ್ತೀರಿ ಎಂದು ನಾನು ಕೇಳುವುದು ಇದಕ್ಕೆ.

ಪರೀಕ್ಷೆಗೆ ಒಂದು ರೀಲು ತೆಗೆದು ತೊಳೆಸಿ ನೋಡಲು ಸಮಯವಿರಲಿಲ್ಲ. ಈಗ ರೀಲು ತೊಳೆಯಲು ಬೆಂಗಳೂರಿಗೇ ಕೊಡಬೇಕು. ಬುಧವಾರ ತೆಗೆದದ್ದು ಬರದಿದ್ದರೆ ಇನ್ನೊಂದು ಬುಧವಾರ ಇರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಗೊತ್ತು ಎಂದಳು.

ಸ್ಪಂಜಿಗೆ ಬದಲು ನೂಲು ಹಾಕೋಣ ಎಂದೆ. ಹಳೆಯ ಕ್ಯಾಮೆರಾಗಳ ಅಂಚಿನ ಕಾಲುವೆಯಲ್ಲಿ ಕಪ್ಪು ದಾರ ಕೂರಿಸಿದರೆ ಬೆಳಕು ನಿಲ್ಲುತ್ತದೆ. ಅವಳು ಸಂಜೆಯೇ ಮನೆಯಿಂದ ಕಪ್ಪು ನೂಲು ತಂದಳು. ಮಿರಮಿರ ಹೊಳೆಯುವ ಕೃತಕ ರೇಷ್ಮೆ, ಆರ್ಟ್ ಸಿಲ್ಕ್. ಅದು ಆಗುವುದಿಲ್ಲ, ಹೊಳೆಯುವ ನೂಲಿನ ಮೇಲೆ ಬೆಳಕು ಜಾರಿ ಒಳಗೆ ಹೋಗುತ್ತದೆ, ಹತ್ತಿ ನೂಲೇ ಬೇಕು ಎಂದೆ. ಮಾರನೆಯ ದಿನ ನಾರಾಯಣಪ್ಪನವರೇ ಬಂದರು. ಚೀಟಿಯಲ್ಲಿ ಸುತ್ತಿದ ಕರಿ ಹತ್ತಿ ನೂಲು ಕೊಟ್ಟು, "ಯಾವುದಕ್ಕಣ್ಣ ಇದು? ಅವಳು ಕ್ಯಾಮೆರಾಕ್ಕೆ ಅಂದ್ಳು, ನಾನು ನಂಬಲಿಲ್ಲ" ಎಂದರು. ತೋರಿಸಿದೆ. ನಾನು ಚಿಮುಟದಲ್ಲಿ ಎರಡು ಎಳೆ ಕೂರಿಸುವವರೆಗೆ ನೋಡುತ್ತಿದ್ದು, ಆಮೇಲೆ, "ಕೊಡಿ ಇಲ್ಲಿ" ಎಂದು ತೆಗೆದುಕೊಂಡರು. ಬೆರಳಿನಲ್ಲೇ ಎಳೆದು, ಉಗುರಿನಿಂದ ಒತ್ತಿ, ಗಂಟು ಕಾಣದಂತೆ ತುದಿ ಮುಗಿಸಿದರು. ಮಂಡಿ ನೋವಿದೆ ಎಂದಿದ್ದಳು ಮಗಳು. ಬೆರಳಿಗೆ ಏನೂ ಆಗಿರಲಿಲ್ಲ.

ಬುಧವಾರ ಬೆಳಗ್ಗೆ ನಾನೂ ಹೋದೆ. ನಾಲ್ಕು ಮಗ್ಗಗಳಲ್ಲಿ ಮೂರು ಆಗಲೇ ಖಾಲಿ. ಕಿಟಕಿಯ ಪಕ್ಕದ್ದು ಓಡುತ್ತಿತ್ತು, ಕೆಂಪು ಸೀರೆ. ನಾವು ಒಳಗೆ ಕಾಲಿಡುತ್ತಲೇ ನಾರಾಯಣಪ್ಪನವರು ಬಲಗೈಯಿಂದ ಹ್ಯಾಂಡಲ್ಲು ಎಳೆದು ಮಗ್ಗ ನಿಲ್ಲಿಸಿದರು. ತಲೆ ಬಾಚಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಪಕ್ಕದಲ್ಲಿ ಕೈ ಇಳಿಬಿಟ್ಟು ನಿಂತರು.

"ಅಪ್ಪ, ಓಡ್ಸು."

"ಫೋಟೊ ತೆಗಿಯಮ್ಮ ಮೊದ್ಲು."

"ಓಡ್ಸಿದ್ರೆ ತೆಗೀತೀನಿ."

"ಓಡೋವಾಗ ಯಾರಾದ್ರೂ ಫೋಟೊ ತೆಗೀತಾರಾ? ಕೇಳು ಅವರ್ನ. ಏನಣ್ಣ, ತೆಗೆದಿದೀರಾ ಯಾವತ್ತಾದ್ರೂ?"

"ತೆಗೆದಿಲ್ಲ" ಎಂದೆ. "ಅದಕ್ಕೇ ಅವಳು ತೆಗೀತಾಳಂತೆ."

"ಶರ್ಟು ಬೇರೆ ಹಾಳಾಗುತ್ತೆ" ಎಂದು ಗೊಣಗಿ ಹ್ಯಾಂಡಲ್ಲಿಗೆ ಕೈ ಹಾಕಿದರು. ಆಗಲೇ ಕರೆಂಟ್ ಹೋಯಿತು. ಒಳಗಿನಿಂದ ಅವರ ಹೆಂಡತಿ, "ಲಾಸ್ಟು ದಿನಾನೂ ಬಿಡಲಿಲ್ಲ ನೋಡು ಕೆಇಬಿಯೋರು!" ಎಂದರು. ಎಲ್ಲರೂ ನಕ್ಕೆವು. ಕಾಫಿ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟೆವು. ಕರೆಂಟ್ ಬರಲಿಲ್ಲ. ಪೂರ್ಣಿಮಾ ಬಾಗಿಲಿಗೆ ಹೋಗಿ ಬೀದಿ ನೋಡುವುದು, ಒಳಗೆ ಬರುವುದು ಮಾಡುತ್ತಿದ್ದಳು. ನಾರಾಯಣಪ್ಪನವರು ಕಾಯುವುದು ಬೇಸರವಾಗಿ ಶರ್ಟು ಬಿಚ್ಚಿ ಮೊಳೆಗೆ ಹಾಕಿ, ಬನಿಯನ್ನಿನಲ್ಲಿ ಕುಳಿತರು. ಹಾಗೆ ಕುಳಿತಿದ್ದಾಗ ಕರೆಂಟ್ ಬಂತು. ಶರ್ಟಿನ ನೆನಪು ಯಾರಿಗೂ ಆಗಲಿಲ್ಲ. ಅವರು ಎದ್ದು ಮಗ್ಗ ಓಡಿಸಿದರು.

ಸದ್ದಿನಲ್ಲಿ ಮಾತು ನಿಂತಿತು. ನಾನು ಬಾಗಿಲಲ್ಲಿದ್ದೆ. ಅವಳು ಮಂಡಿ ಬಗ್ಗಿಸಿ, ಮೊಣಕೈ ಎದೆಗೆ ಒತ್ತಿ ನಿಂತದ್ದನ್ನು ನೋಡಿದೆ. ಅದನ್ನು ಭಾನುವಾರ ಹೇಳಿಕೊಟ್ಟಿದ್ದೆ. ಬಟನ್ನಿನ ಸದ್ದು ಕೇಳುವಂತಿರಲಿಲ್ಲ. ನಾನು ನೋಡುತ್ತಿದ್ದದ್ದು ಗುಂಡಿಯನ್ನು. ಅವಳು ಲಿವರ್ ಎಳೆದಾಗಲೆಲ್ಲ ಎಡಗಡೆಯ ಗುಂಡಿ ತಿರುಗುತ್ತಿತ್ತು. ರೀಲು ಓಡುತ್ತಿದೆ ಎಂಬುದೊಂದು ನನಗೆ ಖಚಿತವಿತ್ತು. ಉಳಿದದ್ದು ಯಾವುದೂ ಖಚಿತವಿರಲಿಲ್ಲ. ನಾನು ಗುಂಡಿ ನೋಡುತ್ತಿದ್ದರಿಂದ ನಾರಾಯಣಪ್ಪನವರ ಮುಖವನ್ನು ನೋಡಲಿಲ್ಲ. ಅವರು ಆಗ ಹೇಗಿದ್ದರು ಎಂದು ಯಾರಾದರೂ ಕೇಳಿದ್ದರೆ ನನ್ನಿಂದ ಹೇಳಲಾಗುತ್ತಿರಲಿಲ್ಲ. ರೀಲು ಮುಗಿಯಿತು. ಸ್ವಲ್ಪ ಹೊತ್ತಿಗೆ ಸೀರೆಯೂ ಮುಗಿಯಿತು. ಅವರು ಕತ್ತರಿಯಿಂದ ಬಟ್ಟೆಯನ್ನು ಕತ್ತರಿಸಿ, ಮಡಿಚಿ, ಒಳಗೆ ಕೊಟ್ಟರು.

ಗುರುವಾರ ನಾನು ಹೋಗಬೇಕಾಗಿರಲಿಲ್ಲ. ಹೋದೆ. ಗುಜರಿಯವರು ನಾಲ್ವರು ಬಂದಿದ್ದರು. ಒಳ್ಳೆಯ ಜನ, ಅವಸರವಿಲ್ಲದೆ ಕೆಲಸ ಮಾಡಿದರು. ನೆಲಕ್ಕೆ ಬಿಗಿದ ಬೋಲ್ಟುಗಳು ತುಕ್ಕು ಹಿಡಿದು ಬರಲಿಲ್ಲ. ಅವನ್ನು ಸುತ್ತಿಗೆಯಿಂದ ಒಡೆದರು. ಮರದ ಭಾಗ ಒಂದು ಕಡೆ, ಕಬ್ಬಿಣ ಒಂದು ಕಡೆ ಹಾಕಿದರು. ನಾರಾಯಣಪ್ಪನವರು ಅವರಿಗೆ ಯಾವ ನಟ್ಟು ಯಾವ ಕಡೆ ತಿರುಗುತ್ತದೆ ಎಂದು ಹೇಳಿಕೊಡುತ್ತಿದ್ದರು. ಒಂದು ಚಕ್ರವನ್ನು ತಾವೇ ಎತ್ತಿ ಲಾರಿಗೆ ಕೊಟ್ಟರು. ಲಾರಿ ಹೋದ ಮೇಲೆ ನೆಲದಲ್ಲಿ ಎಣ್ಣೆಯ ಕರಿ ಚೌಕಗಳು ಉಳಿದವು. ಅವರು ಪೊರಕೆ ತಂದು ಗುಡಿಸಿದರು. ಗುಡಿಸಿದರೆ ಹೋಗುವ ಕಲೆಯಲ್ಲ ಅದು. ನಾನು ಕಂಡದ್ದು ಇಷ್ಟು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತಿರಲಿಲ್ಲ ಎಂದೂ ಹೇಳಲಾರೆ.

ಪ್ರಿಂಟುಗಳು ಬಂದದ್ದು ಮುಂದಿನ ವಾರ. ಪೂರ್ಣಿಮಾ ಲಕೋಟೆಯನ್ನು ಬಿಚ್ಚದೆ ನನ್ನ ಮನೆಗೆ ತಂದಳು. ತನ್ನ ಮನೆಯಲ್ಲಿ ಬಿಚ್ಚಲು ಧೈರ್ಯವಿಲ್ಲ ಎಂದಳು. ಬಿಚ್ಚಿದೆವು. ಕೆಲವು ಅಲುಗಿದ್ದವು. ಕೆಲವು ಕತ್ತಲೆಯಾಗಿದ್ದವು. ಯಾವುದರಲ್ಲೂ ಅಂಚಿನಿಂದ ಬೆಳಕು ನುಗ್ಗಿರಲಿಲ್ಲ, ಯಾವುದೂ ಅರ್ಧ ಕಪ್ಪಾಗಿರಲಿಲ್ಲ. ಒಂದು ಮಾತ್ರ ಬೇರೆ ಇತ್ತು. ನೂಲನ್ನು ಒತ್ತುತ್ತ ಹಿಂದೆ ಮುಂದೆ ಬಡಿಯುವ ಹಣಿಗೆ ಮಂಜಿನಂತೆ ಕರಗಿಹೋಗಿದೆ. ಬಟ್ಟೆ ನಿಂತಿದೆ, ಅದರ ಎಳೆ ಎಳೆ ಕಾಣುತ್ತದೆ. ಬನಿಯನ್ನಿನಲ್ಲಿರುವ ನಾರಾಯಣಪ್ಪ ತಲೆ ಎತ್ತಿ ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ನಗು ಎನ್ನುವಂತಿಲ್ಲ. ಬಾಯಿ ಸ್ವಲ್ಪ ತೆರೆದಿದೆ.

ಅದನ್ನು ದೊಡ್ಡದು ಮಾಡಿಸಿ ಅವಳು ಮನೆಗೆ ಕೊಂಡೊಯ್ದ ದಿನ ನನ್ನನ್ನೂ ಕರೆದಳು. ನಾರಾಯಣಪ್ಪನವರು ಫೋಟೊವನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ಬಹಳ ಹೊತ್ತು ನೋಡಿದರು. ಫೋನಿನಲ್ಲಿ ತೋರಿಸಿದ್ದಕ್ಕೆ ಹೂಂ ಎಂದು ಕೊಟ್ಟುಬಿಡುತ್ತಾರೆ ಎಂದಿದ್ದಳಲ್ಲ, ಇದನ್ನೂ ಕೊಟ್ಟುಬಿಡುತ್ತಾರೆ ಎಂದು ಕಾಯುತ್ತಾ ನಿಂತಿದ್ದಳು. ಅವರು ತಮ್ಮ ಮುಖವನ್ನು ನೋಡುತ್ತಿರಲಿಲ್ಲ. ಬೆರಳು ಬಟ್ಟೆಯ ಮೇಲಿತ್ತು.

"ಎಳೆ ಕಿತ್ತೈತೆ."

"ಏನಪ್ಪಾ?"

"ಇಲ್ನೋಡು. ಎಳೆ ಕಿತ್ತು ಗೆರೆ ಬಿದ್ದೈತೆ. ಇಷ್ಟುದ್ದ ಓಡೈತೆ." ಅವರ ಬಲಗೈ ಫೋಟೊ ಬಿಟ್ಟು ಪಕ್ಕಕ್ಕೆ ಹೋಯಿತು. ಹ್ಯಾಂಡಲ್ಲು ಇರುತ್ತಿದ್ದ ಎತ್ತರಕ್ಕೆ. ಅಲ್ಲಿ ಏನೂ ಇರಲಿಲ್ಲ. ಕೈ ಹಾಗೇ ನಿಂತು, ಆಮೇಲೆ ಕೆಳಗಿಳಿಯಿತು. "ನಾನ್ಯಾಕೆ ನಿಲ್ಸಿಲ್ಲ? ಒಂದೆಳೆ ಕಿತ್ರೂ ನಿಲ್ಸೋನು ನಾನು. ಕಣ್ಣು ಎಲ್ಲಿಟ್ಟಿದ್ದೆ?"

ಕಣ್ಣು ಎಲ್ಲಿತ್ತು ಎಂಬುದು ಫೋಟೊದಲ್ಲೇ ಇತ್ತು.

"ನನ್ನ ನೋಡ್ತಿದ್ದೆ ಕಣಪ್ಪ" ಎಂದಳು ಪೂರ್ಣಿಮಾ.

ಅವರು ಆಗ ಫೋಟೊದಲ್ಲಿದ್ದ ತಮ್ಮ ಮುಖವನ್ನು ನೋಡಿದರು. ಮೊದಲ ಸಲ ನೋಡಿದ್ದು ಆಗಲೇ ಎಂದು ನನಗೆ ಅನ್ನಿಸಿತು.

ಅವರ ಹೆಂಡತಿ ಒಳಗೆ ಹೋಗಿ ಕೊನೆಯ ಸೀರೆಯನ್ನು ತಂದರು. ಅಂಗಡಿಗೆ ಕೊಡಲು ಮಡಿಚಿಟ್ಟಿದ್ದದ್ದು. ಹೊಸ್ತಿಲ ಬಳಿ ಬಿಚ್ಚಿ ಬೆಳಕಿಗೆ ಹಿಡಿದರು. ಗೆರೆ ಇತ್ತು. ನಾನು ನೋಡಿದೆ. ಕೂದಲಿನಷ್ಟು ಸಣ್ಣದು, ಒಂದು ಗೇಣಿಗಿಂತ ಕಡಿಮೆ ಉದ್ದ. ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ನಿಂತಿತ್ತು. ನಿಂತ ಜಾಗದಲ್ಲಿ ಎಳೆಯನ್ನು ಕಟ್ಟಿದ ಗುರುತು. ನಾರಾಯಣಪ್ಪನವರು ಅದನ್ನು ಬೆರಳಿನಿಂದ ಮುಟ್ಟಿದರು.

"ಆಮೇಲೆ ಕಟ್ಟಿದೀನಿ. ಕೈ ಕಟ್ಟೈತೆ. ನಂಗೆ ಗ್ಯಾನ ಇಲ್ಲ."

ಸೀರೆಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತಾವೇ ಮಡಿಚತೊಡಗಿದರು. "ಇದು ಡ್ಯಾಮೇಜು. ಡ್ಯಾಮೇಜು ಪೀಸು ನಾನು ಹೊರಗೆ ಕೊಟ್ಟೋನಲ್ಲ."

"ಹೊರಗೆ ಕೊಡ್ಬೇಡ" ಎಂದು ಪೂರ್ಣಿಮಾ ಕೈ ಚಾಚಿದಳು. "ಇಲ್ಲಿ ಕೊಡು."